ಗಿಡ ಒಂದು, ಕಾನೂನು ಹಲವು: ನಮ್ಮ ನಿಲುವೇನು?

(ಮಲಪನಗುಡಿಯಲ್ಲಿ ಜರಗಿದ ಮಾದಕ ವಸ್ತು ವಿರೋಧಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪಿಗೆ ಹೋಗುವವರು ನಮ್ಮ ಈ ಊರನ್ನು ದಾಟಿಯೇ ಹೋಗುತ್ತಾರೆ. ಈ ಭಾಗದಲ್ಲಿ ಗಾಂಜಾದ ಮಾತು ಬಂದಾಗಲೆಲ್ಲ ಜನರು ನದಿಯಾಚೆಯ ವಿರೂಪಾಪುರ ಗಡ್ಡೆಯತ್ತ ಬೆರಳು ತೋರುವುದು ರೂಢಿ. 2020ರಲ್ಲಿ ಸುಪ್ರೀಮ್ ಕೋರ್ಟಿನ ತೀರ್ಪಿನ ಬಳಿಕ ಅಲ್ಲಿನ ಅನಧಿಕೃತ ರೆಸಾರ್ಟುಗಳು ನೆಲಸಮಗೊಂಡವು. ಕಟ್ಟಡಗಳೇನೋ ಉರುಳಿದವು. ಅಮಲಿನ ಬೇಡಿಕೆ ಉರುಳಿತೇ?

ಈಗ ಯುವಕರ ನಡುವೆ ಇನ್ನೊಂದು ಮಾತು ಹರಿದಾಡುತ್ತಿದೆ: 'ಇನ್ನು ಅದು ಅಪರಾಧವಲ್ಲವಂತೆ, ಕೋರ್ಟೇ ಹೇಳಿದೆಯಂತೆ.' ಇದರ ನಿಜಸ್ಥಿತಿಯನ್ನು ನಾವು ಅರಿಯಬೇಕಾಗಿದೆ.

1985ರ ಎನ್‌ಡಿಪಿಎಸ್ ಕಾಯ್ದೆಯು ಗಿಡದ ಅಂಟಾದ ಚರಸ್ಸನ್ನೂ ಹೂತೆನೆಯಾದ ಗಾಂಜಾವನ್ನೂ ನಿಷೇಧಿಸಿತು. ಹೂತೆನೆಯಿಲ್ಲದ ಬರಿಯ ಎಲೆ ಮತ್ತು ಬೀಜವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಎಲೆಯಿಂದಾಗುವುದೇ ಭಂಗಿ. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದರಲ್ಲಿ, ಭಂಗಿಯು ಆ ಕಾಯ್ದೆಯಡಿ ನಿಷೇಧಿತವಲ್ಲ ಎಂದಿತು. ಇಷ್ಟನ್ನೇ ಹಿಡಿದುಕೊಂಡು ಭಂಗಿಗೆ ಪರವಾನಗಿ ಸಿಕ್ಕಿತೆಂದು ಸಾರುವುದು ಸರಿಯೇ? ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯು ಭಂಗಿಯನ್ನೂ ಅಮಲು ಪದಾರ್ಥವೆಂದೇ ಹೆಸರಿಸಿದೆ. ಕೇಂದ್ರ ಕಾಯ್ದೆಯ ಹೊರಗಿದ್ದರೂ ಅದು ರಾಜ್ಯ ಕಾಯ್ದೆಯ ಒಳಗೇ ಇದೆ.

ಆದರೆ ಎರಡು ಕಾಯ್ದೆಗಳ ನಡುವಣ ಈ ಸಂದಿಯೇ ವ್ಯಾಪಾರಿಗಳ ಹೆಬ್ಬಾಗಿಲಾಗಿದೆ. 2023ರಲ್ಲಿ ಮಂಗಳೂರಿನ ಅಂಗಡಿಗಳಲ್ಲಿ ಅಮಲು ಬೆರೆತ ಚಾಕಲೇಟುಗಳನ್ನು ಪೊಲೀಸರು ವಶಪಡಿಸಿಕೊಂಡುದು ನೆನಪಿರಬಹುದು. ಚಾಕಲೇಟು ಯಾರ ತಿಂಡಿ? ಮಕ್ಕಳದ್ದಲ್ಲವೇ? ಭಂಗಿ ಬೆರೆತ ಆಯುರ್ವೇದ ಔಷಧಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಪೊಟ್ಟಣದ ಮೇಲಿರಬೇಕೆಂದು ಔಷಧ ನಿಯಮ ಹೇಳುತ್ತದೆ. ಬೀಡಿ ಅಂಗಡಿಯಲ್ಲಿ ವೈದ್ಯರೆಲ್ಲಿದ್ದಾರೆ?

ಹಾಗೆಂದು ಗಿಡದ ಪ್ರತಿಯೊಂದು ಉಪಯೋಗವನ್ನೂ ನಾವು ವಿರೋಧಿಸಬೇಕಾಗಿಲ್ಲ. ಅದರ ನಾರಿನಿಂದ ಬಟ್ಟೆಯಾಗುತ್ತದೆ. 2018ರಲ್ಲಿ ಉತ್ತರಾಖಂಡವು ಕೈಗಾರಿಕೆಗಾಗಿ ಅದರ ಬೇಸಾಯಕ್ಕೆ ಪರವಾನಗಿ ನೀಡಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಬೀಜ ಮತ್ತು ಬೀಜದೆಣ್ಣೆಯನ್ನು ಆಹಾರವೆಂದು ಒಪ್ಪಿ, ಅಮಲಿನ ಅಂಶಕ್ಕೆ ಮಿತಿ ಹಾಕಿತು. ಪವಿತ್ರ ಕುರ್‌ಆನ್ ಮದ್ಯದಲ್ಲಿಯೂ ಕೆಲವು ಪ್ರಯೋಜನಗಳಿರುವುದನ್ನು ಮರೆಮಾಚಲಿಲ್ಲ. ಕೆಡುಕು ಪ್ರಯೋಜನಕ್ಕಿಂತ ದೊಡ್ಡದೆಂದು ತೂಗಿ ತೋರಿಸಿತು. ನಮ್ಮ ವಾದವೂ ಹೀಗೆ ಪ್ರಾಮಾಣಿಕವಾಗಿರಬೇಕು. 'ಕುರ್‌ಆನ್‌ನಲ್ಲಿ ಗಾಂಜಾದ ಹೆಸರಿಲ್ಲವಲ್ಲ' ಎನ್ನುವವರಿಗೆ ಏಳು ಶತಮಾನಗಳ ಹಿಂದೆಯೇ ಇಮಾಮ್ ಇಬ್ನು ತೈಮಿಯ್ಯಾ ಉತ್ತರಿಸಿದ್ದಾರೆ. ಬುದ್ಧಿಗೆ ಮಂಕು ಕವಿಸುವುದೆಲ್ಲವೂ ಒಂದೇ. ಚಿಲುಮೆ ಸಾಧುವಿನ ಕೈಯಲ್ಲಿದ್ದರೂ ಉರುಸಿನ ಮೂಲೆಯ ಫಕೀರನ ಕೈಯಲ್ಲಿದ್ದರೂ ಚಿಲುಮೆಯೇ.

ನಮ್ಮ ಆತಂಕವಿರುವುದು ಸರಕಾರದ ಬೊಕ್ಕಸದ ಹಸಿವಿನ ಬಗ್ಗೆ. 2025-26ರ ಬಜೆಟಿನಲ್ಲಿ ರಾಜ್ಯ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಕುಡಿತದಿಂದ ಬೊಕ್ಕಸ ತುಂಬಿಸಲು ಕಲಿತ ಸರಕಾರಗಳು ನಾಳೆ ಭಂಗಿಯಿಂದಲೂ ತುಂಬಿಸಲಾರವೆಂದು ಯಾರು ಭರವಸೆ ಕೊಡಬಲ್ಲರು? ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಮಾದಕ ದ್ರವ್ಯಗಳ ಪಟ್ಟಿಯಿಂದ ಕೈಬಿಟ್ಟಿತು. ಔಷಧದ ಹೆಸರಿನಲ್ಲಿ ಬಾಗಿಲು ತೆರೆದಾಗ ಒಳಬಂದದ್ದು ಸಾವಿರಾರು ಮೋಜಿನ ಅಂಗಡಿಗಳು. 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಅದೇ ದೇಶ ಮತ್ತೆ ಕಟ್ಟಳೆ ಮಾಡಬೇಕಾಯಿತು.

ಸಹೋದರರೇ, ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಮಾತೊಂದಿದೆ. ಈ ಚಟಕ್ಕೆ ಬಿದ್ದ ಹುಡುಗನನ್ನು ನಾವೇನು ಮಾಡುತ್ತಿದ್ದೇವೆ? ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನರು ಒಂದು ವರ್ಷದ ಅವಧಿಯಲ್ಲಿ ಭಂಗಿ, ಗಾಂಜಾ ಅಥವಾ ಚರಸ್ಸನ್ನು ಸೇವಿಸಿದ್ದರು. ಅವರೆಲ್ಲ ಯಾರದೋ ಮನೆಯ ಮಕ್ಕಳು. ಮರ್ಯಾದೆಗೆ ಅಂಜಿ ಮನೆಯವರು ಮುಚ್ಚಿಡುತ್ತಾರೆ. ಕೊನೆಗೆ ವಿಷಯ ತಿಳಿಯುವುದು ಪೊಲೀಸ್ ಠಾಣೆಯಲ್ಲಿ. ಒಂದು ಕಿಲೋದವರೆಗಿನ ಗಾಂಜಾಕ್ಕೂ ಒಂದು ವರ್ಷದವರೆಗೆ ಸಜೆಯಾಗಬಹುದು. ಆದರೆ ಅದೇ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆಯನ್ನು ಪೂರೈಸಬೇಕು, ಅಷ್ಟೇ. ಎಷ್ಟು ತಂದೆತಾಯಂದಿರಿಗೆ ಇದು ತಿಳಿದಿದೆ?

ಆದ್ದರಿಂದ ಸರಕಾರದೊಡನೆ ನಮ್ಮ ಬೇಡಿಕೆ ಎರಡು: ಈ ಗಿಡದ ಉತ್ಪನ್ನಗಳ ಮಾರಾಟಕ್ಕೆ ಸಂದಿಗಳಿಲ್ಲದ ಒಂದು ಸ್ಪಷ್ಟ ನಿಯಮ, ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆ. ಜಮಾಅತಿನೊಡನೆ ನಮ್ಮ ವಿನಂತಿ ಒಂದೇ. ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446ನ್ನು ಬರುವ ಶುಕ್ರವಾರವೇ ಮಸೀದಿಯ ಫಲಕದಲ್ಲಿ ಬರೆಯಿರಿ. ಚಟಕ್ಕೆ ಬಿದ್ದವನನ್ನು ಜಮಾಅತಿನಿಂದ ಹೊರಗಟ್ಟುವ ಮೊದಲು ಅವನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.