ಎರಡು ವಾರ ಮೀರಿದ ಕೆಮ್ಮು
(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಗಿರಣಿಯ ಕಚೇರಿಯಲ್ಲಿ ರಜೆಯ ಅರ್ಜಿಗಳನ್ನು ದಾಖಲು ಮಾಡುವವರು. ಆ ಅರ್ಜಿಗಳಲ್ಲಿ ಕಾಣುವ ಕಾಯಿಲೆಗಳು ನಾಲ್ಕೇ: ಜ್ವರ, ಭೇದಿ, ಮೈಕೈ ನೋವು, ಕೆಮ್ಮು. ಜ್ವರ ಭೇದಿಗಳು ಮನುಷ್ಯನನ್ನು ಮಲಗಿಸಿಬಿಡುತ್ತವೆ. ಅವನು ಡಾಕ್ಟರರ ಬಳಿಗೆ ಹೋಗಿಯೇ ಹೋಗುತ್ತಾನೆ. ಕೆಮ್ಮು ಹಾಗಲ್ಲ, ಅದು ಕೆಲಸಕ್ಕೆ ಹೋಗಗೊಡುತ್ತದೆ. ಆದುದರಿಂದ ಇಂದು ಅದೊಂದರ ವಿಷಯವನ್ನೇ ಹೇಳುತ್ತೇವೆ.

ಊರು ಬಿಟ್ಟು ಬಂದವರಿಗೆ ಕೆಮ್ಮಿನ ಕಾರಣಗಳು ಬಾಯಲ್ಲೇ ಇರುತ್ತವೆ. ಚೆನ್ನೈಯ ನೀರು ಒಗ್ಗಲಿಲ್ಲ, ಬೀಡಿ ಹೆಚ್ಚಾಯಿತು, ಹೋಟೆಲಿನ ಒಲೆಯ ಹೊಗೆ. ಗಿರಣಿಯವರು ಹತ್ತಿಯ ಧೂಳು ಎನ್ನುತ್ತಾರೆ. ಅದೂ ಸುಳ್ಳಲ್ಲ, ವಾರದ ರಜೆ ಕಳೆದು ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದು ಆ ಧೂಳಿನ ಲಕ್ಷಣ. ಆದರೆ ಎರಡು ವಾರ ಕಳೆದರೂ ಬಿಡದ ಕೆಮ್ಮು, ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕ್ಷಯವಲ್ಲವೆಂದು ಪರೀಕ್ಷೆಯಿಂದ ತಿಳಿಯುವವರೆಗೆ ಸುಮ್ಮನಿರಕೂಡದು.

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ನಮ್ಮ ತುಮಕೂರು ಜಿಲ್ಲೆಯ ಜನರನ್ನು ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರು ಆಸ್ಪತ್ರೆಗೆ ಬರುವುದೇ ಇಲ್ಲವೆಂಬ ಪೇಟೆಯವರ ಮಾತು ಸುಳ್ಳಾಯಿತು. ಸುಮಾರು ಅರ್ಧದಷ್ಟು ರೋಗಿಗಳು ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಕಫ ಪರೀಕ್ಷೆಯಿಲ್ಲದೆ, ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗಿದ್ದರು! ಇಂದೂ ಮೂಲೆಯ ಔಷಧಿ ಅಂಗಡಿಯಲ್ಲಿ ನಾವು ಕೇಳಿ ಪಡೆಯುವುದು ಅದೇ ಸೀಸೆಯನ್ನಲ್ಲವೆ?

ಭಯವೂ ಇದೆ. ರೂಮಿನಿಂದ ಹೊರಗೆ ಹಾಕುತ್ತಾರೆ, ಕೆಲಸ ಹೋಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ ಎಂದು. ಡಾ. ಚೌರಿ ಮುತ್ತು ಅವರು 1928ರಲ್ಲಿ ತಾಂಬರದಲ್ಲಿ ಆರೋಗ್ಯಧಾಮ ಸ್ಥಾಪಿಸಿದ ಕಾಲದಲ್ಲಿ ಕ್ಷಯವೆಂದರೆ ಮನೆ ಬಿಡಬೇಕಾದ ರೋಗವೇ ಆಗಿತ್ತು. ಆ ಕಾಲ ಮುಗಿದದ್ದೂ ಇದೇ ಊರಿನಲ್ಲಿ. ಚೇತ್‌ಪಟ್ಟಿನಲ್ಲಿ 1956ರಲ್ಲಿ ಆರಂಭವಾದ ಕೇಂದ್ರದವರು ವ್ಯಾಲೇಸ್ ಫಾಕ್ಸರ ನೇತೃತ್ವದಲ್ಲಿ ಮದರಾಸಿನ 193 ಮಂದಿ ಬಡ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಆರೋಗ್ಯಧಾಮದ ಹಾಸಿಗೆ, ಒಳ್ಳೆಯ ಊಟ. ಇನ್ನೊಂದು ಪಾಲಿನವರಿಗೆ ಇಕ್ಕಟ್ಟಾದ ತಮ್ಮ ಮನೆಯೇ. ಇಬ್ಬರಿಗೂ ಒಂದು ವರ್ಷ ಅದೇ ಮದ್ದು. 1959ರಲ್ಲಿ ಬಂದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಮಂದಿ ಗುಣವಾದರು. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. ಅಂಟುವ ಅಪಾಯ ಹೆಚ್ಚಾಗಿರುವುದು ಮದ್ದು ಆರಂಭಿಸುವ ಮೊದಲು, ಅಂದರೆ ಕೆಮ್ಮನ್ನು ಮುಚ್ಚಿಟ್ಟ ದಿನಗಳಲ್ಲಿ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆಯೂ ಮದ್ದೂ ಉಚಿತ. ತಮಿಳು ಬಾರದವರು “ಇರುಮಲ್, ಇರಂಡು ವಾರಂ” ಎಂದರೂ ಸಾಕು, ಅವರಿಗೆ ಅರ್ಥವಾಗುತ್ತದೆ. ಬೆಳಗಿನ ಕಫವನ್ನು, ನೀರಿನಿಂದ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಕೊಡಬೇಕು. ಬರಿಯ ಉಗುಳಿನಿಂದ ಪ್ರಯೋಜನವಿಲ್ಲ. ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮದ್ದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಎರಡನೆಯ ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಿರುತ್ತದೆ. ಎಷ್ಟೋ ಮಂದಿ ಮದ್ದು ಬಿಡುವುದು ಆಗಲೇ. ಹಾಗೆ ಬಿಟ್ಟರೆ ಉಳಿದ ಕ್ರಿಮಿ ಮದ್ದಿಗೆ ಬಗ್ಗದಂತಾಗಬಹುದು. ಹೆಸರು ನೋಂದಾಯಿಸಿದ ರೋಗಿಗೆ ಪೌಷ್ಟಿಕ ಆಹಾರಕ್ಕಾಗಿ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿಯಾಗಿದೆ. ಬ್ಯಾಂಕಿನ ಪಾಸ್ ಪುಸ್ತಕ ಜೊತೆಗೆ ಒಯ್ಯಿರಿ.

ಒಂದೇ ರೂಮಿನಲ್ಲಿ ಆರೇಳು ಮಂದಿ ಮಲಗುವವರಿಗೆ ಒಂದು ಮಾತು. ಪಕ್ಕದ ಚಾಪೆಯವನು ರಾತ್ರಿಯೆಲ್ಲ ಕೆಮ್ಮುತ್ತಿದ್ದರೆ ಗೊಣಗಬೇಡಿ, ಅವನನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಒಬ್ಬರೇ ಹೋಗಲು ಸಂಕೋಚಪಡುವವರು ಇಲ್ಲಿ ಬಂದು ಹೇಳಿದರೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ. ವಾಚನಾಲಯದ ಯಾವ ಪುಸ್ತಕದಲ್ಲಿಯೂ ಹೆಸರು ಬರೆದಿಡುವುದಿಲ್ಲ.