ಗಡಿಗೆ ಭಾಷೆ ಬಂದ ಮೇಲೆ

(ಬಂಗಾರಪೇಟೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಚಿಕಾನೊ ಜನರ ಬಗ್ಗೆ ಮಾತನಾಡಬೇಕೆಂದು ಕೇಳಿದಿರಿ. ಒಪ್ಪಿಕೊಂಡೆ. ಆದರೆ ಬಂಗಾರಪೇಟೆಯಲ್ಲಿ ನಿಂತು ಆ ಕಥೆ ಹೇಳುವವರ ಕಣ್ಣು ಮಾರಿಕುಪ್ಪಂ ಕಡೆಗೆ ಹೊರಳದೆ ಇರುವುದು ಕಷ್ಟ. ಹಾಗಾಗಿ ದೂರದ್ದನ್ನು ಬೇಗ ಮುಗಿಸಿ ಹತ್ತಿರದ್ದಕ್ಕೆ ಬರುತ್ತೇನೆ.

1848ರಲ್ಲಿ ಯುದ್ಧ ಸೋತ ಮೆಕ್ಸಿಕೊ, ಕ್ಯಾಲಿಫೋರ್ನಿಯವೂ ಸೇರಿ ತನ್ನ ಉತ್ತರದ ವಿಶಾಲ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಗಡಿಗೆರೆಯೇ ಅವರ ತಲೆಯ ಮೇಲಿಂದ ದಾಟಿ ದಕ್ಷಿಣಕ್ಕೆ ಹೋಯಿತು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು. 1850ರಲ್ಲಿ ಅಲ್ಲಿನ ಸರ್ಕಾರ ‘ವಿದೇಶಿ’ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿತು. ಆ ತೆರಿಗೆಯ ಪೆಟ್ಟು ಬಿದ್ದದ್ದು ಹೆಚ್ಚಾಗಿ ಮೆಕ್ಸಿಕನ್ನರ ಮೇಲೆ, ಮುಂದೆ ಚೀನೀಯರ ಮೇಲೆ. ಮುಂದಿನ ನೂರು ವರ್ಷಗಳಲ್ಲಿ ಹೊಲಗಳಿಗೆ, ರೈಲು ಹಾದಿಗಳಿಗೆ, ಗಣಿಗಳಿಗೆ ಕೂಲಿಗಾಗಿ ಮೆಕ್ಸಿಕೊದಿಂದ ಇನ್ನಷ್ಟು ಜನ ಬಂದರು. ಮೊದಲೇ ಇದ್ದವರನ್ನೂ ಆಮೇಲೆ ಬಂದವರನ್ನೂ ಊರು ಒಂದೇ ಕಣ್ಣಿನಿಂದ ನೋಡಿತು. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. 1968ರಲ್ಲಿ ಪೂರ್ವ ಲಾಸ್ ಏಂಜಲೀಸಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದಾಗ, ಒಂದು ಕಾಲದಲ್ಲಿ ಹೀಯಾಳಿಕೆಯ ಮಾತಾಗಿದ್ದ ‘ಚಿಕಾನೊ’ ಎಂಬ ಹೆಸರನ್ನು ತಾವಾಗಿಯೇ ಎತ್ತಿಕೊಂಡರು. ಮೆಕ್ಸಿಕೊಕ್ಕೆ ಹೋದರೆ ಇವರ ಸ್ಪ್ಯಾನಿಷ್ ಕೆಟ್ಟದ್ದು, ಅಮೆರಿಕದಲ್ಲಿ ಇವರ ಇಂಗ್ಲಿಷ್ ಕೆಟ್ಟದ್ದು. ಗ್ಲೋರಿಯಾ ಆನ್ಸಾಲ್ದುವಾ 1987ರಲ್ಲಿ ಗಡಿನಾಡಿನ ಬದುಕಿನ ಬಗ್ಗೆ ಬರೆದ ಪುಸ್ತಕದಲ್ಲಿ ಎರಡೂ ಭಾಷೆಗಳನ್ನು ಬೇಕೆಂದೇ ಬೆರೆಸಿದರು.

ಈಗ ನಮ್ಮ ಗಣಿಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಾಗ ಪಾತಾಳಕ್ಕಿಳಿಯಲು ಜನ ಬೇಕಾಗಿತ್ತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಮೇಸ್ತ್ರಿಗಳು ಜನರನ್ನು ಕರೆತಂದರು. ಬಂದವರಲ್ಲಿ ಬಹುಪಾಲು ತಮಿಳು ಮಾತಿನ ದಲಿತರು. ಊರಿನ ಜಮೀನುದಾರನ ಹಂಗಿನಿಂದ ಬಿಡಿಸಿಕೊಳ್ಳಲು ಅವರಿಗೆ ಗಣಿ ಒಂದು ದಾರಿಯಾಗಿತ್ತು. ಬಿದಿರು ತಟ್ಟಿಯ ಗುಡಿಸಲುಗಳ ‘ಲೈನ್’ಗಳಲ್ಲಿ ಅವರ ವಾಸ. ವಿದ್ಯುತ್ತಿನ ಕಥೆ, ‘ಪುಟ್ಟ ಇಂಗ್ಲೆಂಡ್’ ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ; ಅದನ್ನು ಬಿಡುತ್ತೇನೆ.

ಅವರು ದಾಟಿ ಬಂದ ಗಡಿ ಎಂಥದು? ಒಂದು ಕಡೆ ಮದ್ರಾಸ್ ಪ್ರೆಸಿಡೆನ್ಸಿ, ಇನ್ನೊಂದು ಕಡೆ ಮೈಸೂರು ಸಂಸ್ಥಾನ. ಅದು ಆಡಳಿತದ ಗೆರೆಯೇ ಹೊರತು ಭಾಷೆಯ ಗೆರೆಯಾಗಿರಲಿಲ್ಲ. ಈ ಸೀಮೆಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ನಡೆಯುತ್ತಿದ್ದವು, ಈಗಲೂ ನಡೆಯುತ್ತವೆ. ಇಲ್ಲಿಂದ ರೈಲು ಹತ್ತಿದರೆ ಕುಪ್ಪಂ, ಅದರ ಮುಂದೆ ಜೋಲಾರ್‌ಪೇಟೆ. 1953ರಲ್ಲಿ ಆಂಧ್ರ ಬೇರೆಯಾಯಿತು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ನಡೆಯಿತು. ಹಳೆಯ ಆಡಳಿತದ ಗೆರೆಯ ಮೇಲೆ ಭಾಷೆ ಬಂದು ಕುಳಿತದ್ದು ಆಗ. ಚಾಂಪಿಯನ್ ರೀಫ್ಸ್‌ನ ಲೈನ್‌ಮನೆಯಲ್ಲಿ ಮೂರನೆಯ ತಲೆಮಾರಾಗಿ ಬದುಕುತ್ತಿದ್ದ ಕುಟುಂಬ ವಿಳಾಸ ಬದಲಿಸದೆಯೇ ‘ಭಾಷಾ ಅಲ್ಪಸಂಖ್ಯಾತ’ವಾಯಿತು. ಚಿಕಾನೊಗಳ ಪೂರ್ವಿಕರ ಮೇಲೆ ಗೆರೆ ದಾಟಿತು; ಇಲ್ಲಿ ಗೆರೆ ಇದ್ದಲ್ಲೇ ಇತ್ತು, ಅದರ ಅರ್ಥ ಬದಲಾಯಿತು.

ಕಾನೂನು ಇವರನ್ನು ಪೂರ್ತಿ ಮರೆಯಲಿಲ್ಲ ಎನ್ನಬೇಕು. ಅದೇ 1956ರ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದಿತು. 1982ರ ಗೋಕಾಕ್ ಚಳವಳಿ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ತನ್ನ ರಾಜಧಾನಿಯಲ್ಲೇ ಮೂಲೆಗೆ ಸರಿದಿದ್ದ ಕನ್ನಡಕ್ಕೆ ಅದು ಬೇಕಾಗಿತ್ತು. ಆದರೆ ಗಣಿಯ ಲೈನ್‌ನಲ್ಲಿ ಕುಳಿತವನಿಗೆ ಅದೇ ಘೋಷಣೆ ಬೇರೆ ರೀತಿ ಕೇಳಿಸಿತು. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಲ್ಲಿ ಬೆಂಗಳೂರಿನ ತಮಿಳು ಕೂಲಿಗಾರರ ಗುಡಿಸಲು ಉರಿದ ಮೇಲಂತೂ ಅದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಇದೇ ಕೋಲಾರ ಜಿಲ್ಲೆಯವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಅವರ ಮನೆಮಾತು ತಮಿಳು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಾಗ ಕನ್ನಡಿಗರೆಲ್ಲ ಹಿಗ್ಗಿದೆವು. ಅವರ ಮನೆತನ ಯಾವ ಕಡೆಯಿಂದ, ಯಾವಾಗ ಬಂತು ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅವರು ಕನ್ನಡದಲ್ಲಿ ಬರೆದರಲ್ಲ ಎಂದು ನೀವು ಹೇಳಬಹುದು. ಸರಿಯೇ. ಆದರೆ ಅವರಿಗೆ ಓದುವ ಬರೆಯುವ ಬಾಗಿಲು ತೆರೆದಿತ್ತು. ನೆಲದಡಿ ಮೂರು ಕಿಲೋಮೀಟರ್ ಇಳಿದು ಕಲ್ಲು ಒಡೆಯುತ್ತಿದ್ದವನ ಭಾಷೆ ಮಾತ್ರ ಒಂದು ‘ಸಮಸ್ಯೆ’ಯಾಯಿತು. ಮನೆಮಾತು ಒಂದೇ ಆಗಿದ್ದರೂ ಒಬ್ಬರು ನಮ್ಮವರು, ಇನ್ನೊಬ್ಬ ಹೊರಗಿನವ. ಈ ವ್ಯತ್ಯಾಸವನ್ನು ಮಾಡಿದ್ದು ಭಾಷೆಯಲ್ಲ.

ಹೊರಗಿನವನೆನಿಸಿಕೊಂಡ ಆ ಗಣಿಗಾರ ಸುಮ್ಮನೆ ಕುಳಿತಿರಲಿಲ್ಲ. ಅಯೋತಿ ದಾಸ್ ಪಂಡಿತರು ಮದ್ರಾಸಿನಲ್ಲಿ ಆರಂಭಿಸಿದ ಶಾಕ್ಯ ಬೌದ್ಧ ಸಂಘಕ್ಕೆ 20ನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ‘ನಾವು ಅಸ್ಪೃಶ್ಯರಲ್ಲ, ಪೂರ್ವಬೌದ್ಧರು’ ಎಂಬುದು ಆ ಸಂಘದ ವಾದ. ಅಂಬೇಡ್ಕರ್ ಬೌದ್ಧಧರ್ಮ ಸ್ವೀಕರಿಸಿದ್ದು 1956ರಲ್ಲಿ ಎಂಬುದನ್ನು ನೆನಪಿಡಿ. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ನಮ್ಮ ಪಕ್ಕದಲ್ಲಿ ಬುದ್ಧವಂದನೆ ಕೇಳುತ್ತಿತ್ತು. ಪಂಡಿತರ ‘ತಮಿಳನ್’ ಪತ್ರಿಕೆ ಅವರ ಕಾಲದ ನಂತರ ಕೆಲವು ವರ್ಷ ಕೆಜಿಎಫ್‌ನಿಂದಲೇ ಹೊರಟಿತು. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಳ್ಳರಿಗೆ ಮಾಡುವುದನ್ನು ನಮಗೆ ಮಾಡಬೇಡಿ ಎಂಬುದು ಆ ಮುಷ್ಕರದ ಒಳದನಿಯಾಗಿತ್ತು. ಮುಂದೆ ಇದೇ ಜನ ಕರ್ನಾಟಕದ ವಿಧಾನಸಭೆಗೆ ರಿಪಬ್ಲಿಕನ್ ಪಕ್ಷದವರನ್ನೂ ಅಣ್ಣಾ ಡಿಎಂಕೆಯವರನ್ನೂ ಕಳಿಸಿದರು. ಬೆಂಗಳೂರಿನ ಪತ್ರಿಕೆಗಳು ಎರಡನೆಯದನ್ನಷ್ಟೇ ಬೆರಗಿನಿಂದ ನೋಡಿದವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಶಿಫ್ಟು, ಶಾಫ್ಟು, ಲೆವೆಲ್ಲು ಎಂಬ ಮಾತುಗಳು ತುಂಬಿದ್ದ ಆ ತಮಿಳಿಗೆ ಕೆಲಸವೇ ಇಲ್ಲದಾಯಿತು. ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ. ಬೋಗಿಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್. ಚೆನ್ನೈನವರ ಕಿವಿಗೆ ಇವರ ತಮಿಳು ಕಲಬೆರಕೆ, ನಮ್ಮ ಕಿವಿಗೆ ಇವರ ಕನ್ನಡ ತಮಿಳು. ತಾಯಿನುಡಿಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ತಮಿಳು ಶಾಲೆ, ಕನ್ನಡ ಶಾಲೆ ಎರಡರ ಜಗಳವೂ ಸಡಿಲವಾಯಿತು, ಗೆದ್ದದ್ದು ಇಂಗ್ಲಿಷ್. ಸಿನಿಮಾದಲ್ಲಿ ಮಾತ್ರ ಗಣಿಗೆ ಇನ್ನೂ ಎರಡು ಭಾಷೆ: 2018ರ ಕನ್ನಡ ಚಿತ್ರಕ್ಕೆ ಮುಂಬಯಿಯಿಂದ ನಾಯಕ ಬರಬೇಕಾಯಿತು, 2024ರಲ್ಲಿ ಪಾ. ರಂಜಿತ್ ತಮಿಳಿನಲ್ಲಿ ‘ತಂಗಲಾನ್’ ತೆಗೆದು ಗಣಿ ತೋಡಿದವರ ಕಡೆಯಿಂದ ಕಥೆ ಹೇಳಿದರು.

ಕೊನೆಯದಾಗಿ, ಹೆಸರಿನ ವಿಚಾರ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ಹಳೆಯ ಅವಮಾನದ ಜಾತಿಹೆಸರುಗಳ ಬದಲು ‘ಆದಿಕರ್ನಾಟಕ’, ‘ಆದಿದ್ರಾವಿಡ’ ಎಂಬ ಹೆಸರುಗಳು ಬಂದವು. ಕನ್ನಡ ಮಾತಿನವರು ಹೆಚ್ಚಾಗಿ ಮೊದಲನೆಯದಕ್ಕೆ, ತಮಿಳು ಮಾತಿನವರು ಎರಡನೆಯದಕ್ಕೆ ಸೇರಿದರು. ಗೌರವ ಸಿಕ್ಕಿತು, ಅದರ ಜೊತೆಗೆ ಭಾಷೆಯ ಗೆರೆಯೂ ಜಾತಿಪತ್ರದೊಳಗೆ ಬಂತು. 2025ರಲ್ಲಿ ಒಳಮೀಸಲಾತಿಗಾಗಿ ನಾಗಮೋಹನ್ ದಾಸ್ ಆಯೋಗದ ಗಣತಿದಾರರು ಮನೆಮನೆಗೆ ಬಂದು, ಆದಿದ್ರಾವಿಡ ಎಂದರೆ ಸಾಲದು, ನಿಮ್ಮ ಮೂಲ ಜಾತಿ ಯಾವುದು ಎಂದು ಕೇಳಿದರು. ಪಾಲು ಸಿಗಬೇಕಾದರೆ ಕೇಳಲೇಬೇಕಾದ ಪ್ರಶ್ನೆ ಅದು, ಅದರಲ್ಲಿ ತಪ್ಪಿಲ್ಲ. ಆದರೆ ಮುತ್ತಜ್ಜ ಗಣಿಗೆ ಇಳಿದು, ಬುದ್ಧನ ಮುಂದೆ ನಿಂತು, ಬಿಟ್ಟು ಬಂದಿದ್ದ ಹೆಸರನ್ನೇ ಮರಿಮಗ ಬಾಯಿಬಿಟ್ಟು ಹೇಳಬೇಕಾಗಿತ್ತು. ಹಲವರು ಹೇಳಿದರು. ಕೇಳಿದರೂ ಹೇಳದೆ ಉಳಿದವರು ರಾಜ್ಯದಲ್ಲಿ ಎಷ್ಟು ಮಂದಿ ಇದ್ದರೆಂದರೆ, ಆಯೋಗ ಅವರನ್ನು ಬೇರೆಯೇ ಒಂದು ಗುಂಪಾಗಿ ತೋರಿಸಬೇಕಾಯಿತು.