ಮುಂಬಯಿಯಿಂದ ತಂದ ನೆನಪಿನ ಗುರುತುಗಳು

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಉತ್ಸವದ ನೆನಪಿಗಾಗಿ ಸಂಘವು ಹೊರತರುವ ಪುಸ್ತಕವನ್ನು ನಾವು ‘ಸ್ಮರಣ ಸಂಚಿಕೆ’ ಎಂದು ಕರೆಯುತ್ತೇವೆ. ಇಂಗ್ಲಿಷ್ ಬಲ್ಲವರು ಅದನ್ನೇ ‘ಸೂವನೀರ್’ ಎನ್ನುತ್ತಾರೆ. ಇದು ಮೂಲತಃ ಫ್ರೆಂಚ್ ಭಾಷೆಯ ಪದ. ನೆನಪು ಎಂಬುದೇ ಅದರ ಅರ್ಥ. ಪರಸ್ಥಳಕ್ಕೆ ಹೋದವರು ಅಲ್ಲಿಂದ ತರುವ ಚಿಕ್ಕಪುಟ್ಟ ವಸ್ತುಗಳಿಗೂ ಇದೇ ಹೆಸರು. ಒಂದೇ ಮಾತು ಪುಸ್ತಕಕ್ಕೂ ಸಲ್ಲುತ್ತದೆ, ಹಿತ್ತಾಳೆಯ ಗೊಂಬೆಗೂ ಸಲ್ಲುತ್ತದೆ. ಈ ಎರಡಕ್ಕೂ ಇರುವ ಸಂಬಂಧವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ನನ್ನ ಇಂದಿನ ಉದ್ದೇಶ.

ಊರು ನೋಡಿ ಬಂದು ಗುರುತು ತರುವ ಪದ್ಧತಿಯನ್ನು ಪಶ್ಚಿಮದವರಿಂದ ಕಲಿತೆವೆಂದು ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಕಾಶಿಗೆ ಹೋದವರು ಗಂಗೋದಕ ತುಂಬಿ ಬಾಯಿಗೆ ಬೆಸುಗೆ ಹಾಕಿಸಿದ ತಾಮ್ರದ ಗಿಂಡಿಯನ್ನೂ ಕಾಶೀದಾರವನ್ನೂ ತರುತ್ತಿದ್ದರು. ಪಂಢರಪುರದಿಂದ ತುಳಸಿಯ ಮಾಲೆ, ಬುಕ್ಕಿಟ್ಟು ಬರುತ್ತಿದ್ದವು. ನಮ್ಮ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆಯಿಂದ ಬರಿಗೈಯಲ್ಲಿ ಮರಳುವ ಮಕ್ಕಳುಂಟೆ? ಯಾತ್ರೆಯಿಂದ ತಂದುದನ್ನು ನೆರೆಹೊರೆಯವರಿಗೆ ಹಂಚುವುದು ಪುಣ್ಯವೆಂದು ನಮ್ಮ ಹಿರಿಯರು ಬಗೆದಿದ್ದರು. ಕಂಡುದನ್ನು ಕಾಣದವರೊಡನೆ ಹಂಚಿಕೊಳ್ಳಬೇಕೆಂಬ ಈ ಬುದ್ಧಿಯೇ ನೆನಪಿನ ವಸ್ತುಗಳೆಲ್ಲದರ ಮೂಲ.

ನಮ್ಮ ಸೀಮೆಯ ಮಂದಿಗೆ ದೊಡ್ಡ ನಗರವೆಂದರೆ ಮುಂಬಯಿ. 1863ರಲ್ಲಿ ಭೋರಘಾಟದ ರೈಲುದಾರಿ ತೆರೆದ ಮೇಲೆ ಅದು ನಮಗೆ ಕೈಗೆಟಕುವ ಊರಾಯಿತು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗರಿಗೂ ರಾಜಧಾನಿ ಅದೇ ಆಗಿತ್ತು. ನೌಕರಿಗೆ, ವ್ಯಾಪಾರಕ್ಕೆ, ಪರೀಕ್ಷೆಗೆ, ವೈದ್ಯಕ್ಕೆ ಎಂದು ಅಲ್ಲಿಗೆ ಹೋಗಿ ಬಂದವರು ನಮ್ಮ ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ. ಆದುದರಿಂದ ಹಳೆಯ ಮುಂಬಯಿಯ ಗುರುತುಗಳು ಅಲ್ಲಿಯ ಚೋರ ಬಾಜಾರದಲ್ಲಿರುವಂತೆಯೇ ನಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳ ಅಡಿಯಲ್ಲಿ ಇರುವ ಸಂಭವವುಂಟು.

ಮೊದಲು ನಗರವನ್ನು ನೋಡೋಣ. ರೈಲಿನಿಂದ ಇಳಿದ ಸ್ಥಳವೇ ಮೊದಲನೆಯ ಪ್ರೇಕ್ಷಣೀಯ ಸ್ಥಳ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿಯ ಯೋಜನೆಯಂತೆ 1878ರಲ್ಲಿ ಆರಂಭವಾಗಿ ಹತ್ತು ವರ್ಷಗಳಲ್ಲಿ ಮುಗಿದ ಆ ನಿಲ್ದಾಣವು ಅಂದು ವಿಕ್ಟೋರಿಯಾ ಟರ್ಮಿನಸ್. ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. 2004ರಲ್ಲಿ ಅದು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅದರ ಗೋಡೆಗಳ ಮೇಲಿನ ಎಲೆ, ಹೂ, ಪ್ರಾಣಿಗಳ ಕೆತ್ತನೆಯಲ್ಲಿ ಸರ್ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿದೆ. ಬಾಗಿಲ ಕಂಬಗಳ ಮೇಲೆ ಒಂದೆಡೆ ಸಿಂಹ, ಒಂದೆಡೆ ಹುಲಿ: ಸಿಂಹವು ಬ್ರಿಟನ್ನಿನ ಗುರುತು, ಹುಲಿಯು ಭಾರತದ್ದು. ಗಾಡಿ ತಪ್ಪುವ ಅವಸರದಲ್ಲಿ ತಲೆಯೆತ್ತಿ ನೋಡುವವರು ವಿರಳ.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ. ಪ್ರೇಮಚಂದ ರಾಯಚಂದ ಎಂಬ ವರ್ತಕನು ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ, 1878ರಲ್ಲಿ ಪೂರ್ಣಗೊಂಡ ಈ ಗಡಿಯಾರ ಗೋಪುರದ ಎತ್ತರ 280 ಅಡಿ. ಮುಂದೆ ಕಾಳಾ ಘೋಡಾ, ವಸ್ತುಸಂಗ್ರಹಾಲಯ, ಕೊನೆಗೆ ಕಡಲದಂಡೆಯ ಗೇಟ್‌ವೇ ಆಫ್ ಇಂಡಿಯಾ. ಈ ದಾರಿಯನ್ನು ಮೋಟಾರಿನಲ್ಲಿ ಓಡಬಾರದು, ಕಾಲ್ನಡಿಗೆಯಿಂದ ಸವೆಸಬೇಕು.

ಗೇಟ್‌ವೇಯ ಮುಂದೆ ಅದರ ಪುಟ್ಟ ಪ್ರತಿಕೃತಿಗಳನ್ನು ಮಾರುವವರಿದ್ದಾರೆ. ಈ ಮಾದರಿಗಳ ಹಿಂದೆ ಒಂದು ಸ್ವಾರಸ್ಯವಾದ ಕಥೆಯುಂಟು. ಐದನೆಯ ಜಾರ್ಜ್ ದೊರೆಯ ಆಗಮನದ ಜ್ಞಾಪಕಾರ್ಥವಾಗಿ 1911ರ ಮಾರ್ಚ್ 31ರಂದು ಅಡಿಗಲ್ಲನ್ನಿಟ್ಟರು; ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ದೊರೆ ಬಂದಿಳಿದಾಗ ಅಲ್ಲಿದ್ದುದು ರಟ್ಟಿನ ಮಾದರಿ ಮಾತ್ರವೆಂದು ಹೇಳುತ್ತಾರೆ. ಜಾರ್ಜ್ ವಿಟೆಟ್ ರಚಿಸಿದ 85 ಅಡಿ ಎತ್ತರದ ಕಟ್ಟಡವು ಲೋಕಾರ್ಪಣವಾದುದು 1924ರ ಡಿಸೆಂಬರ್ 4ರಂದು. ಕಟ್ಟಡಕ್ಕಿಂತ ಮೊದಲೇ ಅದರ ಪ್ರತಿಕೃತಿ ಹುಟ್ಟಿತು! ಮುಂದೆ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ, ಸಾಮರ್‌ಸೆಟ್ ಲೈಟ್ ಇನ್‌ಫಂಟ್ರಿ, ಇದೇ ಕಮಾನಿನ ಮೂಲಕ ನಡೆದು ಹಡಗನ್ನೇರಿತು. ಆಗ ಆ ಪಡೆಗೆ ಕೊಟ್ಟ ಕಾಣಿಕೆ ಗೇಟ್‌ವೇಯ ಬೆಳ್ಳಿಯ ಪ್ರತಿಕೃತಿ. ದೊರೆಯ ಸ್ವಾಗತಕ್ಕೆ ರಟ್ಟಿನದು, ಸೈನ್ಯದ ಬೀಳ್ಕೊಡುಗೆಗೆ ಬೆಳ್ಳಿಯದು! ಇತಿಹಾಸವು ಕೆಲವೊಮ್ಮೆ ಅಂಗೈಯಗಲದ ವಸ್ತುವಿನಲ್ಲಿ ಅಡಗಿ ಕುಳಿತಿರುತ್ತದೆ.

ವಿದ್ಯಾರ್ಥಿಗಳು ಕೇಳಬಹುದು: ಹಳೆಯ ವಸ್ತುವೊಂದು ಕೈಗೆ ಬಂದರೆ ಅದರ ಕಾಲವನ್ನು ಅರಿಯುವುದು ಹೇಗೆ? ಶಾಸನವನ್ನು ಓದುವವರು ಲಿಪಿಯಿಂದ ಕಾಲವನ್ನು ನಿರ್ಣಯಿಸುವಂತೆ ಇಲ್ಲಿಯೂ ಸಾಧನಗಳಿವೆ. ಸಮುದ್ರತೀರದ ಒಂದು ಚಿತ್ರಕಾರ್ಡನ್ನು ತೆಗೆದುಕೊಳ್ಳಿ. ತಾಜಮಹಲ್ ಹೋಟೆಲು ತೆರೆದುದು 1903ರಲ್ಲಿ. ಚಿತ್ರದಲ್ಲಿ ಪೂರ್ಣಗೊಂಡ ಹೋಟೆಲು ಇದ್ದು, ಕಡಲದಂಡೆಯಲ್ಲಿ ಗೇಟ್‌ವೇ ಇಲ್ಲದಿದ್ದರೆ ಆ ಛಾಯಾಚಿತ್ರವು ಸುಮಾರಾಗಿ 1903ಕ್ಕೂ 1924ಕ್ಕೂ ನಡುವಣದು. ಹೋಟೆಲಿನ ಪಕ್ಕದಲ್ಲಿ ಎತ್ತರದ ಹೊಸ ಗೋಪುರಕಟ್ಟಡ ಕಂಡರೆ 1970ರ ದಶಕಕ್ಕಿಂತ ಹಿಂದಿನದಲ್ಲ. ಬೀದಿಯಲ್ಲಿ ಕುದುರೆ ಎಳೆಯುವ ಟ್ರಾಮು ಇದ್ದರೆ ಅದು 1874ರ ಈಚಿನದು. ವಿದ್ಯುತ್ ಟ್ರಾಮು ಬಂದುದು 1907ರಲ್ಲಿ, ಕೊನೆಯ ಟ್ರಾಮು ಓಡಿದುದು 1964ರ ಮಾರ್ಚ್ 31ರಂದು. ಕಾಳಾ ಘೋಡಾದಲ್ಲಿ ಕುದುರೆಯ ಮೇಲೆ ಸವಾರನಿದ್ದರೆ ಚಿತ್ರವು 1965ಕ್ಕಿಂತ ಹಿಂದಿನದು. ರಾಜಕುಮಾರ ಎಡ್ವರ್ಡನ ಆ ಪ್ರತಿಮೆಯನ್ನು ಆ ವರ್ಷ ಭಾಯಖಳಾದ ಉದ್ಯಾನಕ್ಕೆ ಸಾಗಿಸಿದರು. 2017ರಲ್ಲಿ ಅಲ್ಲಿ ನಿಲ್ಲಿಸಿದ ಹೊಸ ಕುದುರೆಗೆ ಸವಾರನಿಲ್ಲ.

ಕಾರ್ಡಿನ ಬೆನ್ನೂ ಮಾತಾಡುತ್ತದೆ. ನಮ್ಮ ದೇಶದಲ್ಲಿ ಅಂಚೆಕಾರ್ಡು ಬಂದುದು 1879ರ ಜುಲೈ 1ರಂದು, ಕಾಲಾಣೆಯ ಬೆಲೆಗೆ. ಮೊದಮೊದಲಿನ ಚಿತ್ರಕಾರ್ಡುಗಳ ಹಿಂಬದಿಯಲ್ಲಿ ವಿಳಾಸವನ್ನು ಮಾತ್ರ ಬರೆಯಬೇಕಾಗಿತ್ತು. ಒಕ್ಕಣೆಗೆ ಚಿತ್ರದ ಅಂಚೇ ಗತಿ. ಬ್ರಿಟನ್ನಿನ ಅಂಚೆಯವರು 1902ರಲ್ಲಿ ಹಿಂಬದಿಯನ್ನು ಎರಡು ಭಾಗ ಮಾಡಲು ಅನುಮತಿಯಿತ್ತ ಮೇಲೆ ಪದ್ಧತಿ ಬದಲಾಯಿತು. ಬೆಲೆಯನ್ನು ಆಣೆಗಳಲ್ಲಿ ಅಚ್ಚು ಹಾಕಿದ್ದರೆ 1957ರ ಏಪ್ರಿಲಿಗಿಂತ ಹಿಂದಿನ ಅಚ್ಚು. ‘ನಯೇ ಪೈಸೆ’ ಎಂದಿದ್ದರೆ 1957ಕ್ಕೂ 1964ಕ್ಕೂ ನಡುವಣದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡು ಇದ್ದರೆ 1972ರ ಆಗಸ್ಟ್ 15ರ ಈಚಿನದು. ಹತ್ತನೆಯ ತರಗತಿಯ ಹುಡುಗನೊಬ್ಬನು ಇಷ್ಟು ತಿಳಿದರೆ ಅಂಗಡಿಕಾರನ ಮಾತಿಗೆ ಮರುಳಾಗಲಾರನು.

ಸಂಗ್ರಹವು ಒಳ್ಳೆಯ ಹವ್ಯಾಸವೇ ಸರಿ, ಅದು ಲೋಭವಾಗಬಾರದು. ಗೇಟ್‌ವೇಯಿಂದ ದೋಣಿಯಲ್ಲಿ ಹೋಗಿ ಘಾರಾಪುರಿಯ ಗುಹೆಗಳನ್ನೂ ಆ ಭವ್ಯ ತ್ರಿಮುಖ ಶಿವನನ್ನೂ ನೋಡಿದವರು ನಮ್ಮಲ್ಲಿ ಅನೇಕರಿದ್ದೀರಿ. ಆ ದ್ವೀಪದಲ್ಲಿದ್ದ ಕಲ್ಲಿನ ಆನೆಯನ್ನು ಕಂಡು ಪೋರ್ತುಗೀಜರು ಅದಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1864ರಲ್ಲಿ ಆ ಆನೆಯನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಅದು ಒಡೆದು ಚೂರಾಯಿತು. ಚೂರುಗಳನ್ನು ಜೋಡಿಸಿ ನಿಲ್ಲಿಸಿದ ಆನೆಯು ಇಂದು ಭಾಯಖಳಾದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಒಂದು ಸ್ಥಳಕ್ಕೆ ಹೆಸರನ್ನಿತ್ತ ವಸ್ತುವನ್ನು ಆ ಸ್ಥಳದಿಂದ ಕಿತ್ತೊಯ್ಯುವುದು ಸಂಗ್ರಹವಲ್ಲ, ಅಪಹಾರ. ಗುಹೆಯ ಕಲ್ಲಿನ ಚಕ್ಕೆಯನ್ನು ಕಿಸೆಗಿಳಿಸುವ ಪ್ರವಾಸಿಗನೂ, ಕಂಬದ ಮೇಲೆ ತನ್ನ ಹೆಸರು ಗೀಚುವವನೂ ಇದೇ ವರ್ಗಕ್ಕೆ ಸೇರಿದವರು.

ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾಕೃತಿ ಮೊದಲಾದವು ಪ್ರಾಚ್ಯವಸ್ತುಗಳು; ಅವನ್ನು ಖಾಸಗಿಯವರು ಪರದೇಶಕ್ಕೆ ಒಯ್ಯುವಂತಿಲ್ಲ. ಕೆತ್ತನೆಯ, ಕೂಡಿಕೆಯ ಕೆಲಸದ ಸುಂದರವಾದ ಹಳೆಯ ‘ಬಾಂಬೆ ಪೆಟ್ಟಿಗೆ’ಗಳು ಸಂಗ್ರಾಹಕರಿಗೆ ಪ್ರಿಯ. ಗಂಧದ ಕೆತ್ತನೆಯೆಂದರೆ ಸೊರಬ, ಸಾಗರ, ಕುಮಟೆಗಳ ನಮ್ಮ ಗುಡಿಗಾರರ ನೆನಪು ಬಾರದಿರದು. ಆದರೆ ಅಂಥ ಪೆಟ್ಟಿಗೆಗಳಲ್ಲಿ ಆನೆಯ ದಂತವನ್ನು ಕೂಡಿಸಿದವೂ ಇವೆ, ದಂತದ ವ್ಯಾಪಾರವು ಇಂದು ನಿಷಿದ್ಧ. ಇನ್ನು ಚೋರ ಬಾಜಾರದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದ ಮಾತ್ರಕ್ಕೆ ಅದು ಹಳೆಯದೆಂದು ನಂಬಬೇಡಿ. ಹೊಸದನ್ನು ಹಳೆಯದಾಗಿಸುವ ವಿದ್ಯೆಯನ್ನು ಬಲ್ಲವರು ಬಹಳ ಮಂದಿ.

ಇನ್ನು ನಮ್ಮ ಮನೆಗಳ ವಿಷಯ. ಮುಂಬಯಿಯಿಂದ ಬಂದ ಹಳೆಯ ಚಿತ್ರಕಾರ್ಡಿಗೆ ಎರಡು ಮುಖಗಳು. ಒಂದು ಮುಖದಲ್ಲಿ ರಾಜಾಬಾಯಿ ಗೋಪುರ. ಇನ್ನೊಂದು ಮುಖದಲ್ಲಿ ಕನ್ನಡದ ಒಕ್ಕಣೆ: ಸುಖವಾಗಿ ತಲುಪಿದೆನು, ಕೋಣೆ ಸಿಕ್ಕಿತು, ಮುಂದಿನ ತಿಂಗಳು ಹಣ ಕಳಿಸುವೆನು, ತಂಗಿಯ ಲಗ್ನದ ಮಾತು ಎಲ್ಲಿಗೆ ಬಂತು, ಹೀಗೆ. ಮನೆಯನ್ನು ಸುಣ್ಣ ಬಳಿಯಲೆಂದು ತೆರವು ಮಾಡುವಾಗ ಇದು ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಅಲ್ಲಿಂದ ಸಂಗ್ರಾಹಕನ ಕೈಗೆ ಹೋದರೆ ಅವನು ಚಿತ್ರಕ್ಕೆ ಬೆಲೆ ಕಟ್ಟುತ್ತಾನೆ. ಬರಹ ಅವನಿಗೆ ಬರಿಯ ಗೆರೆ. ಚಿತ್ರದ ಬೆಲೆಯನ್ನು ಪೇಟೆ ಬಲ್ಲುದು. ಬರಹದ ಬೆಲೆಯನ್ನು ನಾವು ಮಾತ್ರ ಬಲ್ಲೆವು. ನಮ್ಮ ಮೊಮ್ಮಕ್ಕಳು ಕನ್ನಡದ ಅಕ್ಷರವನ್ನು ಕಲಿಯದೆ ಹೋದರೆ ಮನೆಯಲ್ಲಿಯೇ ಉಳಿದ ಕಾರ್ಡೂ ಅವರಿಗೆ ಬರಿಯ ಗೆರೆಯಾದೀತು. ಗಡಿಯಾಚೆ ಇರುವ ನಾವು ಶಾಲೆಯಲ್ಲಿ ಕನ್ನಡ ಉಳಿಯಬೇಕೆಂದು ಹಂಬಲಿಸುವುದು ಬರಿಯ ಅಭಿಮಾನಕ್ಕಲ್ಲ. ತಾತನ ಕಾಗದವನ್ನು ಮೊಮ್ಮಗನು ಓದಬೇಕೆಂಬುದಕ್ಕೆ.

ಆದುದರಿಂದ ಮನೆಮನೆಗಳವರಲ್ಲಿ ನನ್ನ ವಿನಂತಿಯಿಷ್ಟೆ. ಹಳೆಯ ಕಾರ್ಡು, ಟ್ರಾಮಿನ ಚೀಟಿ, ಸ್ಟುಡಿಯೋದಲ್ಲಿ ತೆಗೆಸಿದ ಪಟ, ಊರ ಹೆಸರು ಕೊರೆದ ಲೋಟ, ಏನಿದ್ದರೂ ಮೊದಲು ಹಿರಿಯರ ಮುಂದಿಡಿರಿ. ಯಾರು ತಂದರು, ಯಾವಾಗ, ಯಾವ ಕೆಲಸಕ್ಕೆ ಹೋಗಿದ್ದರು ಎಂಬುದನ್ನು ಕೇಳಿ, ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದು ವಸ್ತುವಿನೊಡನೆ ಇಡಿರಿ. ಕಾರ್ಡಿನ ಮೇಲೆ ಶಾಯಿಯಿಂದ ಬರೆಯಬೇಡಿ; ಅಂಟು ಹಚ್ಚಬೇಡಿ; ಬಿಸಿಲು, ತೇವಗಳಿಂದ ದೂರವಿಡಿ. ಚಿತ್ರದ ಬದಿಯನ್ನೂ ಬರಹದ ಬದಿಯನ್ನೂ ಫೋನಿನಲ್ಲಿ ಪಟ ತೆಗೆದಿಡುವುದು ಇಂದು ಮಕ್ಕಳಿಗೂ ಸುಲಭ. ಮುಂದಿನ ವಾರ್ಷಿಕೋತ್ಸವಕ್ಕೆ ಇವೆಲ್ಲವನ್ನೂ ಒಂದು ಕೋಣೆಯಲ್ಲಿ ಜೋಡಿಸಿ, ವಿದ್ಯಾರ್ಥಿಗಳೇ ವಿವರಿಸುವ ಒಂದು ಪ್ರದರ್ಶನವನ್ನು ಏರ್ಪಡಿಸಬೇಕೆಂದು ಸಂಘದ ಹಿರಿಯರಲ್ಲಿ ಪ್ರಾರ್ಥಿಸುತ್ತೇನೆ. ವಸ್ತುಗಳು ಆಯಾ ಮನೆಯವರದಾಗಿಯೇ ಉಳಿಯಲಿ. ಅವುಗಳ ಕಥೆ ಎಲ್ಲರದಾಗಲಿ. ಆ ಕಥೆಗಳು ಮುಂದಿನ ಸ್ಮರಣ ಸಂಚಿಕೆಯಲ್ಲಿ ಅಚ್ಚಾದರೆ ನಮ್ಮ ಪುಸ್ತಕವು ತನ್ನ ಹೆಸರಿಗೆ ತಕ್ಕಂತೆ ನೆನಪಿನ ಭಂಡಾರವಾದೀತು.